ನಾಗಪ್ಪನ ಸಂಶಯ, ನನ್ನ ನಿದ್ದೆ

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ನಾನು ಎರಡು ಸಲ ಓದಿದ್ದೇನೆ. ಮೊದಲ ಸಲ ಓದುವಾಗ ನನಗೆ ಹುಷಾರಿರಲಿಲ್ಲ, ಹುಷಾರಿಲ್ಲ ಎಂಬುದು ಗೊತ್ತೂ ಇರಲಿಲ್ಲ. ಎರಡನೆಯ ಸಲ ಓದುವ ಹೊತ್ತಿಗೆ ಡಾಕ್ಟರು ಬೈಪೋಲಾರ್ ಎಂದು ಹೆಸರಿಟ್ಟಾಗಿತ್ತು, ಲಿಥಿಯಂ ಮಾತ್ರೆ ಶುರುವಾಗಿತ್ತು. ಎರಡೂ ಸಲ ಓದಿದ್ದು ಗೋರೆಗಾಂವ್ ಪಶ್ಚಿಮದ ಇದೇ ಮನೆಯಲ್ಲಿ, ಇದೇ ಕಿಟಕಿಯ ಪಕ್ಕ, ಅದೇ ಹಳೇ ಪ್ರತಿಯಲ್ಲಿ. ಆದರೆ ಓದಿದ್ದು ಎರಡು ಬೇರೆ ಬೇರೆ ಕಾದಂಬರಿಗಳನ್ನು ಎಂದು ಈಗ ಅನಿಸುತ್ತದೆ. ನಾನೂ ಒಂದು ಪುಸ್ತಕ ಬರೆಯುತ್ತಿರುವುದರಿಂದ ಆ ವ್ಯತ್ಯಾಸ ನನಗೆ ಬರೀ ವಿಮರ್ಶೆಯ ವಿಷಯವಲ್ಲ.

‘ಶಿಕಾರಿ’ 1979ರಲ್ಲಿ ಬಂದದ್ದು. ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಚಿತ್ತಾಲರು ಬರಹಗಾರರಾಗಿದ್ದಷ್ಟೇ ರಸಾಯನ ಉದ್ಯಮದ ತಂತ್ರಜ್ಞರೂ ಆಗಿದ್ದರು. ದೊಡ್ಡ ಕಂಪನಿಯ ಒಳಗಿನ ರಾಜಕೀಯ ಅವರಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಕಾದಂಬರಿಯ ನಾಗಪ್ಪನೂ ನಮ್ಮ ಹಾಗೆ ಊರು ಬಿಟ್ಟು ಬಂದವನು, ಒಳ್ಳೆಯ ಹುದ್ದೆಯಲ್ಲಿದ್ದವನು. ಒಂದು ದಿನ ಕೆಲಸದಿಂದ ಅಮಾನತಾಗುತ್ತಾನೆ. ತನ್ನ ಸುತ್ತ ಏನೋ ಹೂಟ ನಡೆದಿದೆ, ತಾನು ಬೇಟೆಯ ಪ್ರಾಣಿಯಾಗಿದ್ದೇನೆ ಎಂಬ ಭಾವನೆ ಅವನನ್ನು ಹಿಡಿಯುತ್ತದೆ.

ಮೊದಲ ಓದಿನಲ್ಲಿ ನಾನು ನಾಗಪ್ಪನ ವಕೀಲನಾಗಿದ್ದೆ. ಅವನ ಅನುಮಾನಗಳ ಕೆಳಗೆಲ್ಲ ಕೆಂಪು ಗೆರೆ ಎಳೆದಿದ್ದೇನೆ, ಪಕ್ಕದಲ್ಲಿ ‘ಸರಿ’, ‘ಇದೇ, ಇದೇ’ ಎಂದು ಬರೆದಿದ್ದೇನೆ. ಆಗ ನನ್ನ ಆಫೀಸಿನಲ್ಲೂ ಎಲ್ಲರೂ ಸೇರಿ ನನ್ನ ವಿರುದ್ಧ ಏನೋ ನಡೆಸುತ್ತಿದ್ದಾರೆಂದು ನಂಬಿದ್ದೆ. ಚಿತ್ತಾಲರು ನನಗೆ ಸಾಕ್ಷಿ ಹೇಳುತ್ತಿದ್ದಾರೆ ಅನಿಸಿತ್ತು.

ಎರಡನೆಯ ಓದಿನಲ್ಲಿ ಆ ಗೆರೆಗಳು ನಾಚಿಕೆ ಹುಟ್ಟಿಸಿದವು. ನಾಚಿಕೆಗಿಂತ ಹೆಚ್ಚಾಗಿ, ನಾನು ಗೆರೆ ಎಳೆಯದೆ ಬಿಟ್ಟ ಜಾಗಗಳು ಕಣ್ಣಿಗೆ ಬಿದ್ದವು. ನಾಗಪ್ಪ ಬೇರೆಯವರನ್ನು ಅನುಮಾನಿಸುವಷ್ಟೇ ತನ್ನ ಅನುಮಾನವನ್ನೂ ಅನುಮಾನಿಸುತ್ತಾನೆ. ತನ್ನ ಭಯದ ಬೇರು ಹೊರಗಿದೆಯೋ ತನ್ನೊಳಗೇ ಇದೆಯೋ ಎಂದು ಮತ್ತೆ ಮತ್ತೆ ಕೆದಕುತ್ತಾನೆ. ಎಷ್ಟು ಬೇಟೆ ನಿಜ, ಎಷ್ಟು ಮನಸ್ಸಿನದು ಎಂಬುದನ್ನು ಕಾದಂಬರಿ ನಮಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದರ ಕಸುವು ಇರುವುದೇ ಅಲ್ಲಿ. ಕಾಯಿಲೆಯ ಸಂಶಯಕ್ಕೆ ಈ ಗುಣ ಇಲ್ಲ. ಅದಕ್ಕೆ ಎಲ್ಲವೂ ಖಚಿತ. ನನಗೆ ಆಗ ಇದ್ದದ್ದು ಸಂಶಯವೇ ಅಲ್ಲ, ಖಾತ್ರಿ.

ಅದೇ ದಿನಗಳಲ್ಲಿ ನಾನು ಬರೆಯತೊಡಗಿದ್ದು. ಒಂಬತ್ತು ರಾತ್ರಿಗಳಲ್ಲಿ ನೂರನಲವತ್ತು ಪುಟ. ಕೊನೆಯ ಲೋಕಲ್ ಹೋದ ಸದ್ದೂ ಕೇಳುತ್ತಿತ್ತು, ಬೆಳಗಿನ ಮೊದಲ ಲೋಕಲ್ ಬಂದ ಸದ್ದೂ ಕೇಳುತ್ತಿತ್ತು. ನಡುವೆ ನಿದ್ದೆ ಇರಲಿಲ್ಲ, ಬೇಕೆಂದೂ ಅನಿಸುತ್ತಿರಲಿಲ್ಲ. ಕನ್ನಡದಲ್ಲಿ ಇಂಥದ್ದು ಬಂದೇ ಇಲ್ಲ ಎಂದು ಹೆಂಡತಿಯನ್ನು ಎಬ್ಬಿಸಿ ಓದಿ ಹೇಳುತ್ತಿದ್ದೆ. ಅವಳು ಕೇಳುತ್ತಿದ್ದದ್ದು ನನ್ನ ವಾಕ್ಯಗಳನ್ನಲ್ಲ, ನನ್ನ ದನಿಯನ್ನು ಎಂದು ಆಮೇಲೆ ಗೊತ್ತಾಯಿತು. ಆಸ್ಪತ್ರೆಯಿಂದ ಬಂದು ಕೆಲವು ತಿಂಗಳಾದ ಮೇಲೆ ಆ ಪುಟಗಳನ್ನು ತೆಗೆದು ನೋಡಿದೆ. ಉಳಿಸಿಕೊಳ್ಳುವಂಥದ್ದು ಎರಡು ಪ್ಯಾರಾ ಸಿಕ್ಕಿತು. ಊರಿನ ಬಾವಿಕಟ್ಟೆಯ ಬಗ್ಗೆ, ಆಯಿಯ ಕೈಬಳೆಯ ಬಗ್ಗೆ. ಉಳಿದದ್ದೆಲ್ಲ ‘ಇದೇ, ಇದೇ’.

ಸಾಹಿತ್ಯದ ಸಭೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ಸ್ವಲ್ಪ ಹುಚ್ಚಿಲ್ಲದೆ ದೊಡ್ಡ ಬರಹ ಹುಟ್ಟುವುದಿಲ್ಲ, ಮಾತ್ರೆ ನುಂಗಿದರೆ ಪ್ರತಿಭೆ ಮಂಕಾಗುತ್ತದೆ. ಚಪ್ಪಾಳೆಯೂ ಬೀಳುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ಕಲಾವಿದರಿಗೂ ಈ ಕಾಯಿಲೆಗೂ ಇರುವ ನಂಟಿನ ಬಗ್ಗೆ 1993ರಲ್ಲಿ ಒಂದು ಪುಸ್ತಕವನ್ನೇ ಬರೆದವರು. ಎರಡು ವರ್ಷದ ನಂತರ ‘ಆ್ಯನ್ ಅನ್‌ಕ್ವಯಟ್ ಮೈಂಡ್’ನಲ್ಲಿ ತಮಗೂ ಅದೇ ಕಾಯಿಲೆ ಎಂದು ಹೇಳಿಕೊಂಡರು. ಲಿಥಿಯಂನಿಂದ ವರ್ಷಗಟ್ಟಲೆ ಗಂಭೀರ ಓದು ಕೈತಪ್ಪಿದ್ದನ್ನು ಅವರು ಮುಚ್ಚಿಡಲಿಲ್ಲ. ಅದಿಲ್ಲದೆ ತಾವು ಬದುಕಿರುತ್ತಿರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ನನಗೆ ಎರಡೂ ನಿಜ. ಮಾತ್ರೆಯಿಂದ ಕೈ ನಡುಗುತ್ತದೆ, ಒಂದು ಪದಕ್ಕಾಗಿ ಕಾಲು ಗಂಟೆ ಕೂರುತ್ತೇನೆ. ಆದರೆ ಬರೆದದ್ದನ್ನು ಓದಿ ‘ಇದು ಸುಳ್ಳು, ಹೊಡೆದುಹಾಕು’ ಎನ್ನುವವನೊಬ್ಬ ಒಳಗೆ ಮರಳಿ ಬಂದಿದ್ದಾನೆ. ಪುಸ್ತಕ ಬರೆಯುವುದಕ್ಕೆ ಕಲ್ಪನೆಯಷ್ಟೇ ಇವನೂ ಬೇಕು. ಕಾಯಿಲೆ ಮೊದಲು ಓಡಿಸುವುದು ಇವನನ್ನೇ.

ಚಿತ್ತಾಲರು ಇದ್ದ ಬಾಂದ್ರಾದ ಮುಂದಿನ ಸ್ಟೇಷನ್ ಮಾಹಿಮ್. ಅಲ್ಲಿನ ಚಿಕ್ಕ ಫ್ಲ್ಯಾಟೊಂದರಲ್ಲಿ ನಡೆಯುವ ಕಾದಂಬರಿ ಜೆರ್ರಿ ಪಿಂಟೋ ಅವರ ‘ಎಮ್ ಆ್ಯಂಡ್ ದ ಬಿಗ್ ಹೂಮ್’ (2012). ಬೀಡಿ ಸೇದುವ, ಬಾಯಿಗೆ ಬಂದದ್ದನ್ನು ಆಡುವ, ಸಾಯಲು ಹೊರಡುವ ತಾಯಿ ಎಮ್‌ಳನ್ನು ಮಗ ನಮಗೆ ತೋರಿಸುತ್ತಾನೆ. ಪಿಂಟೋ ಅದನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ತಿದ್ದಿ ತಿದ್ದಿ ಬರೆದರು. ತಾಯಿಯನ್ನು ಸಂತಳನ್ನಾಗಿಯೂ ಮಾಡದೆ ನಗೆಪಾಟಲಿಗೂ ಒಡ್ಡದೆ ಉಳಿಸಿದ ಕಾದಂಬರಿ ಇದು, ನನಗೆ ಬಹಳ ಪ್ರಿಯ. ಆದರೂ ಒಂದು ಮುಳ್ಳು ಚುಚ್ಚುತ್ತದೆ. ಎಮ್ ಕೂಡ ಬರೆಯುವವಳೇ. ಪತ್ರ, ಡೈರಿ, ಸಿಕ್ಕ ಸಿಕ್ಕ ಕಾಗದದ ಚೂರು. ಪುಸ್ತಕ ಮಾತ್ರ ಮಗನದು. ಅವಳ ಯಾವ ಪತ್ರ ಒಳಗೆ ಬರಬೇಕು, ಯಾವುದು ಬೇಡ ಎಂದು ನಿರ್ಧರಿಸುವವನು ಅವನು.

ನಮ್ಮಲ್ಲೂ ಹಾಗೆಯೇ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಗುಣವಾಗಿ ಮನೆಗೆ ಬಂದರೂ ಯಾರೂ ಅವಳನ್ನು ನಂಬುವುದಿಲ್ಲ. ಅವಳು ನಕ್ಕರೂ ಕಾಯಿಲೆ, ಸಿಟ್ಟಾದರೂ ಕಾಯಿಲೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿ ಅವಳ ಪರ ನಿಂತು ಬರೆದರು. ಕಾವೇರಿಯೇ ಪೆನ್ನು ಹಿಡಿದಿದ್ದರೆ? ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದರು. ನನಗೆ ಇದು ಗೊತ್ತು. ರಾತ್ರಿ ಹತ್ತೂವರೆಯ ಮೇಲೆ ನಾನು ಕಾಗದ ತೆಗೆದರೆ ಮನೆಯಲ್ಲಿ ಮಾತು ನಿಲ್ಲುತ್ತದೆ. ಬೆಳಗ್ಗೆ ಚಹದ ಜೊತೆ ಪ್ರಶ್ನೆ ಬರುತ್ತದೆ: ‘ಎಷ್ಟು ಗಂಟೆ ಮಲಗಿದ್ರಿ?’ ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಕ್ಯಾಲೆಂಡರಿನಲ್ಲಿ ನಾನೇ ಬರೆದಿಡುತ್ತೇನೆ: ಏಳು, ಏಳೂವರೆ, ಆರು. ಪಕ್ಕದಲ್ಲಿ ಪುಟದ ಸಂಖ್ಯೆ.

ಆಫೀಸಿಗೆ ಹೊರಡುವ ಮುಂಚೆ ಒಂದು ಗಂಟೆ ಬರೆಯುತ್ತೇನೆ. ಎರಡು ವರ್ಷದಲ್ಲಿ ಅರವತ್ತೊಂದು ಪುಟ ಆಗಿದೆ. ಒಂಬತ್ತು ರಾತ್ರಿಗಳ ವೇಗದ ಆಸೆ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ.

ಮೊನ್ನೆ ಮಗಳು ಕೇಳಿದಳು, ‘ಪಪ್ಪಾ, ಅದರಲ್ಲಿ ನಾನಿದ್ದೀನಾ?’ ಇದ್ದೀಯ ಅಂದೆ. ‘ಹಾಗಾದ್ರೆ ಬೇರೆಯವರಿಗೆ ತೋರಿಸೋ ಮೊದಲು ನಂಗೆ ಕೊಡು.’ ಕೊಡುತ್ತೇನೆ ಎಂದಿದ್ದೇನೆ. ಅವಳಿಗಾಗಿ ಹನ್ನೆರಡನೆಯ ಪುಟವನ್ನು ಮತ್ತೆ ಬರೆಯುತ್ತಿದ್ದೇನೆ.