ಮಿಲಿಟರಿ ಲಾರಿಗೆ ಡ್ರಾಯಿಂಗ್ ರೂಮಿನ ಆಸೆ

ಮೊದಲೇ ಒಪ್ಪಿಕೊಂಡುಬಿಡ್ತೀನಿ, ಈ ಬರಹದಲ್ಲಿ ಬೈಸಿಕೊಳ್ಳುವವರ ಪೈಕಿ ನಾನೂ ಒಬ್ಬ. ಸ್ಟುಟ್‌ಗಾರ್ಟ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಜರ್ಮನ್ ಗೆಳೆಯ ಹಳೆಯ ಮಿಲಿಟರಿ ಲಾರಿಯೊಂದನ್ನು ಕೊಂಡಾಗ, ಅದರ ಕ್ಯಾಬಿನ್ ಹೇಗಿರಬೇಕು ಅಂತ ಶನಿವಾರ ಭಾನುವಾರ ಕೂತು ಫೋಟೋ ಹುಡುಕಿಕೊಟ್ಟವನು ನಾನೇ. ಡೈಮಂಡ್ ಹೊಲಿಗೆಯ ಕಂದು ಲೆದರ್, ಕಾಲಡಿಗೆ ದಪ್ಪ ಕಾರ್ಪೆಟ್, ಡ್ಯಾಶ್‌ಬೋರ್ಡಿನ ಕೆಳಗೆ ನೀಲಿ ಎಲ್‌ಇಡಿ ಪಟ್ಟಿ. ಹದಿನಾಲ್ಕು ತಿಂಗಳಾದ ಮೇಲೆ ಅದನ್ನೆಲ್ಲ ಕಿತ್ತು ಹಾಕುವಾಗಲೂ ಸ್ಕ್ರೂಡ್ರೈವರ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಲಾರಿ ಅಂದರೆ ಉನಿಮೊಗ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಲದ ಕೆಲಸಕ್ಕೆಂದು ಹುಟ್ಟಿದ ಗಾಡಿ ಇದು. 1951ರಿಂದ ಗಾಗ್ಗೆನಾವ್ ಅನ್ನೋ ಊರಿನ ಕಾರ್ಖಾನೆಯಲ್ಲಿ ತಯಾರಾಗತೊಡಗಿತು, ಆಮೇಲೆ ಸೇನೆಗಳ ಕಣ್ಣಿಗೂ ಬಿತ್ತು. ಗೆಳೆಯ ತಂದಿದ್ದು ಜರ್ಮನ್ ಸೇನೆ ಬಳಸುತ್ತಿದ್ದ ಯು 1300 ಎಲ್ ಮಾದರಿ. ಆರು ಸಿಲಿಂಡರಿನ 5.7 ಲೀಟರ್ ಡೀಸೆಲ್ ಎಂಜಿನ್, 130 ಅಶ್ವಶಕ್ತಿ, ಜೋರು ಅಂದರೆ ಗಂಟೆಗೆ 80 ಕಿ.ಮೀ. ಆಸುಪಾಸು. ಸೇನೆಗೆ ಬೇಡವಾದ ಇಂಥ ಗಾಡಿಗಳನ್ನು ವೆಬೆಗ್ ಅನ್ನೋ ಸರ್ಕಾರಿ ಕಂಪನಿ ಹರಾಜು ಹಾಕುತ್ತದೆ. ಕೊಂಡವರು ಹಿಂದೆ ಮನೆಯಂಥ ಒಂದು ಡಬ್ಬ ಕೂರಿಸಿ ಮೊರಾಕೊ, ಮಂಗೋಲಿಯಾ ಅಂತ ಹೊರಡುತ್ತಾರೆ. ಬಾದ್ ಕಿಸಿಂಗೆನ್‌ನಲ್ಲಿ ಪ್ರತಿವರ್ಷ ನಡೆಯುವ ಆಫ್‌ರೋಡ್ ಮೇಳಕ್ಕೆ ಹೋದರೆ ಇಂಥ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ.

ಸೇನೆಯ ಕ್ಯಾಬಿನ್ ಒಳಗೆ ಹೇಗಿರುತ್ತೆ ಗೊತ್ತಾ? ಬಣ್ಣ ಬಳಿದ ತಗಡು, ಕಾಲಡಿಗೆ ರಬ್ಬರ್ ಮ್ಯಾಟು, ಎರಡು ಸೀಟಿನ ನಡುವೆ ಎಂಜಿನ್ನಿನ ಗೂನು, ತಲೆಯ ಮೇಲೆ ತೆರೆಯುವ ಮುಚ್ಚಳ. ದೀಪದ ಸ್ವಿಚ್ಚು ಗ್ಲೌಸ್ ಹಾಕಿದ ಕೈಗೂ ಸಿಗುವಷ್ಟು ದೊಡ್ಡದು. ಅದರಲ್ಲಿ ಶತ್ರುವಿನ ಕಣ್ಣಿಗೆ ಬೀಳದಂತೆ ಓಡಿಸಲು ಮಂದ ಬೆಳಕಿನ ಒಂದು ಹಂತವೂ ಇರುತ್ತದೆ. ಮೊದಲ ಸಲ ನೋಡಿದಾಗ ನನಗೆ ಅನ್ನಿಸಿದ್ದು ‘ಅಯ್ಯೋ, ಬಡತನ’ ಅಂತ. ಹಾಗಾಗಿಯೇ ಲೆದರ್ ಸಲಹೆ ಕೊಟ್ಟೆ. ಫೋಟೋದಲ್ಲಿ ಅದ್ಭುತವಾಗಿ ಬಂತು, ಇನ್‌ಸ್ಟಾಗ್ರಾಂನಲ್ಲಿ ಲೈಕುಗಳೂ ಬಂದವು.

ಆಮೇಲೆ ಸ್ಲೊವೇನಿಯಾಕ್ಕೆ ಹೋದೆವು. ಎರಡು ದಿನದ ದಾರಿ. ಫೋನಿನ ಆ್ಯಪ್‌ನಲ್ಲಿ ನೋಡಿದರೆ ಒಳಗೆ 91 ಡೆಸಿಬೆಲ್. ದಿನಕ್ಕೆ ಎಂಟು ಗಂಟೆ ಕೇಳುವುದಾದರೆ 85 ಡೆಸಿಬೆಲ್ ಮಿತಿ, ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ ಇಳಿಸಿ ಅನ್ನುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್‌ನ ಲೆಕ್ಕ. ಅಂದರೆ 91ಕ್ಕೆ ಎರಡೇ ಗಂಟೆ. ನಾವು ಕೂತಿದ್ದು ಒಂಬತ್ತು ಗಂಟೆ. ಆವತ್ತು ರಾತ್ರಿ ಅಮ್ಮ ಊರಿಂದ ಫೋನ್ ಮಾಡಿದಾಗ ಎಡಗಿವಿಗೆ ಹಿಡಿದೆ. ಅವಳ ಮಾತು ಬಾವಿಯೊಳಗಿಂದ ಬಂದ ಹಾಗಿತ್ತು. ‘ಯಾಕೋ ಸುಮ್ನಿದ್ದೀಯಾ?’ ಅಂತ ಕೇಳಿದ್ದು ಅವಳು ಎರಡನೇ ಸಲ ಕೇಳಿದಾಗಲೇ ಗೊತ್ತಾಗಿದ್ದು. ನಾನು ಕೂತಿದ್ದು ಬಲಗಡೆಯ ಸೀಟಲ್ಲಿ, ಎಂಜಿನ್ ಇದ್ದಿದ್ದು ಎಡಗಿವಿಯ ಪಕ್ಕ. ನಾಲ್ಕು ದಿನಕ್ಕೆ ಕಿವಿ ಸರಿಹೋಯಿತು. ‘ಈ ಸಲ ವಾಪಸ್ ಬಂತು, ಪ್ರತಿಸಲ ಬರಲ್ಲ’ ಅಂದರು ಡಾಕ್ಟರು.

ಅಷ್ಟು ಮೆತ್ತೆ ಹಾಕಿದ್ವಲ್ಲ, ಸದ್ದು ಯಾಕೆ ಇಳಿಯಲಿಲ್ಲ? ತೆಳು ಸ್ಪಾಂಜಿಗೂ ಲೆದರಿಗೂ ಎಂಜಿನ್ನಿನ ಗಡಸು ದನಿಯನ್ನು ತಡೆಯುವ ತಾಕತ್ತಿಲ್ಲ. ಅದಕ್ಕೆ ತೂಕ ಬೇಕು, ಅದಕ್ಕಿಂತ ಮೊದಲು ತೂತು ಮುಚ್ಚಬೇಕು. ಗೇರ್ ಲಿವರಿನ ಸುತ್ತ, ಪೆಡಲಿನ ಹತ್ತಿರ, ಬಾಗಿಲಿನ ಹಳೆ ರಬ್ಬರಿನಲ್ಲಿ ಬೆರಳು ತೂರುವಷ್ಟು ಸಂದುಗಳಿದ್ದವು. ಅವುಗಳ ಮೇಲೆ ನಾವು ಚೆಂದದ ಹೊದಿಕೆ ಹೊದಿಸಿದ್ದೆವು, ಅಷ್ಟೇ.

ರಾತ್ರಿ ಇನ್ನೊಂದು ಪಾಠ. ಇದರ ಮುಂದಿನ ಗಾಜು ನಮ್ಮ ಕಾರುಗಳ ಹಾಗೆ ಇಳಿಜಾರಲ್ಲ, ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತದೆ. ನಮ್ಮ ನೀಲಿ ಎಲ್‌ಇಡಿ ಪೂರ್ತಿ ಅದರಲ್ಲಿ ಪ್ರತಿಫಲಿಸಿ, ಬೆಟ್ಟದ ತಿರುವಿನಲ್ಲಿ ರಸ್ತೆಯ ಬದಲು ನಮ್ಮದೇ ಮಂಡಿಗಳು ಕಾಣುತ್ತಿದ್ದವು. ಮಂದ ದೀಪ ಇಟ್ಟ ಆ ಸೇನೆಯ ಎಂಜಿನಿಯರ್ ದಡ್ಡನಾಗಿರಲಿಲ್ಲ. ಸಾಲದ್ದಕ್ಕೆ ಆ ಪಟ್ಟಿಗೆ 12 ವೋಲ್ಟ್ ಬೇಕು, ಲಾರಿಯದ್ದು 24. ಸರಣಿಯಲ್ಲಿರುವ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಕರೆಂಟು ಎಳೆದಿದ್ದೆವು. ಒಂದು ಸದಾ ಖಾಲಿ, ಇನ್ನೊಂದಕ್ಕೆ ಅತಿ ಚಾರ್ಜು, ಕೊನೆಗೆ ಎರಡೂ ಸತ್ತವು.

ಎಲ್ಲಕ್ಕಿಂತ ದುಬಾರಿಯಾಗಿದ್ದು ಕಾರ್ಪೆಟ್. ಕಿತ್ತಾಗ ಕೆಳಗಿನ ಸ್ಪಾಂಜು ಹಿಂಡಿದರೆ ನೀರು. ನೆಲದ ತಗಡಿನಲ್ಲಿ ಅಂಗೈಯಗಲ ತುಕ್ಕು, ಸ್ಕ್ರೂಡ್ರೈವರ್ ಒತ್ತಿದರೆ ಆ ಕಡೆ ಹೋಯಿತು. ಸೇನೆಯಲ್ಲಿದ್ದ ವರ್ಷಗಳಲ್ಲಿ ಬಾರದ ತೂತನ್ನು ನಾವು ಹದಿನಾಲ್ಕು ತಿಂಗಳಲ್ಲಿ ತಂದಿದ್ದೆವು. ರಬ್ಬರ್ ಮ್ಯಾಟಾದರೆ ಎತ್ತಬಹುದು, ಒಣಗಿಸಬಹುದು, ಕೆಳಗೆ ಏನಾಗಿದೆ ಅಂತ ನೋಡಬಹುದು. ನಾನು ಬಡತನ ಅಂದುಕೊಂಡಿದ್ದು ಈ ಅನುಕೂಲವನ್ನು.

ನನ್ನ ತಕರಾರು ಇಷ್ಟೇ. ಈಗ ಎಲ್ಲೆಡೆ ಕಾಣುವ ‘ಲಾಂಜ್’ ಶೈಲಿ ಕ್ಯಾಬಿನ್ನನ್ನು ಮನೆ ಅಂತ ತಪ್ಪು ತಿಳಿದುಕೊಂಡಿದೆ. ಮನೆ ಹಿಂದಿನ ಡಬ್ಬದಲ್ಲಿದೆ ಮಾರಾಯ್ರೆ! ಅಲ್ಲಿ ದಿಂಬು ಇಡಿ, ಪರದೆ ಕಟ್ಟಿ, ಯಾರು ಬೇಡ ಅಂತಾರೆ? ಮುಂದಿನದು ಕೆಲಸದ ಜಾಗ. ಅಲ್ಲಿ ಕೂತವನು ನೋಡಬೇಕು, ಕೇಳಿಸಿಕೊಳ್ಳಬೇಕು, ಏನಾದರೂ ಸುಟ್ಟ ವಾಸನೆ ಬಂದರೆ ಒಂದು ನಿಮಿಷದಲ್ಲಿ ಮುಚ್ಚಳ ತೆಗೆಯಬೇಕು. ಬೆಂಕಿಯ ಮಾತೂ ಬಂತು. ವಾಹನದೊಳಗಿನ ಬಟ್ಟೆ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಉರಿಯಬಾರದು ಅಂತ ಅಮೆರಿಕದಲ್ಲಿ ನಿಯಮವೇ ಇದೆ. ಎಂಜಿನ್ ಗೂನಿನ ಮೇಲೆ ಸೋಫಾ ಬಟ್ಟೆ ಅಂಟಿಸುವಾಗ ನಾವು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಹಾಗಂತ ಇನ್ನೊಂದು ಗುಂಪಿನ ಪರವೂ ನಾನಿಲ್ಲ. ಒಂದು ಸ್ಕ್ರೂ ಕೂಡ ಬದಲಿಸಬಾರದು, ಕ್ಯಾಮೊಫ್ಲಾಜ್ ಬಲೆ, ಗುಂಡಿನ ಪೆಟ್ಟಿಗೆ ಎಲ್ಲ ಇರಬೇಕು ಅನ್ನುವವರು. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲರೂಪ ಬಹುಮಟ್ಟಿಗೆ ಉಳಿಸಿಕೊಂಡ ಗಾಡಿಗಳಿಗೆ ‘ಎಚ್’ ನಂಬರ್ ಪ್ಲೇಟ್ ಕೊಡುತ್ತಾರೆ. ಆ ಆಸೆ ಅರ್ಥವಾಗುತ್ತೆ. ಆದರೆ ಆ ಸೀಟಿನ ಮೇಲೆ ಕೂತ ಹತ್ತೊಂಬತ್ತರ ಸೈನಿಕನನ್ನು ಯಾರೂ ‘ಬೆನ್ನು ನೋಯುತ್ತಾ?’ ಅಂತ ಕೇಳಿರಲಿಲ್ಲ. ಅವನಿಗೆ ಆಯ್ಕೆ ಇರಲಿಲ್ಲ, ನಮಗಿದೆ. ಅವನ ನೋವನ್ನು ಪರಂಪರೆ ಅಂತ ಜೋಪಾನ ಮಾಡುವುದರಲ್ಲಿ ನನಗೆ ಅರ್ಥ ಕಾಣಲ್ಲ.

ಎರಡನೇ ಸಲ ನಾವು ದೇಹಕ್ಕೆ ಪೆಟ್ಟು ಕೊಡುವುದನ್ನು ಮಾತ್ರ ಬದಲಿಸಿದೆವು. ಮೊದಲು ಸಂದುಗಳನ್ನು ಮುಚ್ಚಿದ್ದು, ಬಾಗಿಲಿಗೆ ಹೊಸ ರಬ್ಬರು. ಆಮೇಲೆ ದೊಡ್ಡ ಚಪ್ಪಟೆ ತಗಡುಗಳ ನಡುಭಾಗಕ್ಕೆ ಕಂಪನ ತಡೆಯುವ ಭಾರದ ಹಾಳೆ. ಪೂರ್ತಿ ಮುಚ್ಚಬೇಕಿಲ್ಲ, ಕಾಲುಭಾಗ ಅಂಟಿಸಿದರೂ ತಗಡು ಡಬಡಬ ಅನ್ನುವುದು ನಿಲ್ಲುತ್ತೆ. ಎಂಜಿನ್ ಮುಚ್ಚಳದ ಒಳಮೈಗೆ ಶಾಖ ತಡೆಯುವ, ಬೆಂಕಿ ಹಿಡಿಯದ ಪದರ. ಗಾಳಿ ಸಸ್ಪೆನ್ಶನ್ನಿನ ಸೀಟು. ಬ್ಯಾಟರಿಗೆ ಸರಿಯಾದ ಕನ್ವರ್ಟರ್. ನಕ್ಷೆ ನೋಡಲು ಸ್ವಂತ ಸ್ವಿಚ್ಚಿರುವ ಒಂದು ಮಂದ ದೀಪ. ರಬ್ಬರ್ ಮ್ಯಾಟು ವಾಪಸ್ ಬಂತು. ಅದೇ ಆ್ಯಪ್‌ನಲ್ಲಿ 84. ಫೋಟೋ ಹಾಕಿದರೆ ಯಾರೂ ಲೈಕ್ ಒತ್ತುವಂಥದ್ದೇನೂ ಇಲ್ಲ, ನಿಜ.

ಲೆದರ್ ಕಿತ್ತಾಗ ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ತಗಡಿನ ಫಲಕ ಸಿಕ್ಕಿತು. ಯಾವ ಗೇರಿನಲ್ಲಿ ಎಷ್ಟು ವೇಗ ಮೀರಬಾರದು ಅಂತ ಬರೆದಿತ್ತು. ನಾನು ಆರಿಸಿದ ಡೈಮಂಡ್ ಹೊಲಿಗೆಯ ಅಡಿಯಲ್ಲಿ ಅಷ್ಟು ದಿನ ಮುಚ್ಚಿಹೋಗಿತ್ತು. ಮುಂದಿನ ಪ್ರವಾಸದಲ್ಲಿ ಆಲ್ಪ್ಸ್‌ನ ಕಡಿದಾದ ಇಳಿಜಾರೊಂದರಲ್ಲಿ ಗೆಳೆಯ ಯಾವ ಗೇರ್ ಅಂತ ತಡವರಿಸಿದಾಗ, ಫಲಕ ನೋಡಿ ನಾನು ಓದಿ ಹೇಳಿದೆ. ಕೂಗಬೇಕಾಗಲಿಲ್ಲ, ಅವನಿಗೆ ಕೇಳಿಸಿತು.