ಚಿತ್ರಕಥೆಯಲ್ಲಿ ಧೂರ್ತಮೃಗ: ಅರ್ಥನಿರ್ಣಯದ ಒಂದು ಸಮಸ್ಯೆ

ಮೃಗಗಳನ್ನು ನಾಯಕರನ್ನಾಗಿ ಉಳ್ಳ ವಂಚನೆಯ ಜನಪದ ಕಥೆಗಳು ಚಿತ್ರಕಥೆಯ ರೂಪವನ್ನು ತಾಳಿದಾಗ ಅವುಗಳನ್ನು ಅರ್ಥಮಾಡಿಕೊಳ್ಳುವ ಬಗೆ ಹೇಗೆಂಬುದು ಪ್ರಕೃತ ವಿಚಾರ. ಉದಾಹರಣೆಗೆ ಮ್ಯಾಟ್ ಡೆಂಬಿಕಿ ಅವರು ಸಂಪಾದಿಸಿ 2010ರಲ್ಲಿ ಪ್ರಕಟವಾದ 'ಟ್ರಿಕ್‌ಸ್ಟರ್' ಸಂಕಲನವನ್ನು ತೆಗೆದುಕೊಳ್ಳಬಹುದು. ಅಮೆರಿಕದ ಮೂಲನಿವಾಸಿಗಳ ಕಥೆಗಳನ್ನು ಆ ಜನಾಂಗಗಳ ಕಥೆಗಾರರೇ ಇಲ್ಲಿ ಹೇಳಿದ್ದಾರೆ. ಅವಕ್ಕೆ ಬೇರೆ ಬೇರೆ ಕಲಾವಿದರು ಚಿತ್ರರೂಪವನ್ನು ಕೊಟ್ಟಿದ್ದಾರೆ.

ಕನ್ನಡ ವಾಚಕರಾದ ನಾವು ಇಂಥ ಕಥೆಗಳನ್ನು ಪಂಚತಂತ್ರದ ಕಣ್ಣಿನಿಂದ ನೋಡುವುದು ಸಹಜ. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಕಾಲದಿಂದಲೂ ದಮನಕನೆಂಬ ನರಿ ನಮಗೆ ಪರಿಚಿತನು. ಪಿಂಗಳಕ ಸಿಂಹಕ್ಕೂ ಸಂಜೀವಕ ವೃಷಭಕ್ಕೂ ಭೇದವನ್ನು ಹುಟ್ಟಿಸುವ ಅವನ ವಂಚನೆ ರಾಜನೀತಿಯ ವಂಚನೆ. ಅದಕ್ಕೆ ಉದ್ದೇಶವುಂಟು, ಲೆಕ್ಕಾಚಾರವುಂಟು. ಆದುದರಿಂದಲೇ ಆ ಕಥೆಯಿಂದ ನೀತಿಯನ್ನು ಹಿಂಡಿ ತೆಗೆಯುವುದು ಸಾಧ್ಯವಾಗುತ್ತದೆ.

ಕಯೋಟಿ ಎಂಬ ಕಾಡುನಾಯಿಗೆ ಈ ಅಳತೆಗೋಲು ಸಲ್ಲದು. ಸಂಕಲನದ ಒಂದು ಕಥೆಯಲ್ಲಿ ಪ್ರಾಣಿಗಳು ಹೊಳೆಯ ಬೆಣಚುಕಲ್ಲುಗಳಿಂದ ಇರುಳಿನ ಆಕಾಶದಲ್ಲಿ ತಮ್ಮ ತಮ್ಮ ರೂಪಗಳನ್ನು ಬಿಡಿಸುತ್ತವೆ. ಕಯೋಟಿಯ ಎಚ್ಚರಗೇಡಿತನದಿಂದ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿ ಆಕಾಶದಲ್ಲೆಲ್ಲ ಹರಡುತ್ತವೆ. ಇದಕ್ಕೆ 'ಎಚ್ಚರದಿಂದಿರಬೇಕು' ಎಂಬ ನೀತಿಯನ್ನು ಅಂಟಿಸಿದರೆ ಕಥೆ ಕೆಡುತ್ತದೆ. ಏಕೆಂದರೆ ನಕ್ಷತ್ರಗಳ ಇಂದಿನ ವಿನ್ಯಾಸವೇ ಆ ತಪ್ಪಿನ ಫಲ. ವಂಚಿಸುವವನೇ ವಂಚಿತನೂ ಆಗುವನೆಂಬ ಈ ಇಬ್ಬಗೆಯನ್ನು ಪಾಲ್ ರಾಡಿನ್ ಅವರು 1956ರ ತಮ್ಮ ಗ್ರಂಥದಲ್ಲಿ ವಿನೆಬಾಗೊ ಜನರ ಕಥಾಚಕ್ರವನ್ನು ಮುಂದಿಟ್ಟು ವಿವೇಚಿಸಿದರು.

ಇನ್ನು ಮಾಧ್ಯಮದ ಮಾತು. ಕೇಳುವ ಕಥೆಯಲ್ಲಿ ಧೂರ್ತನಿಗೆ ನಿಶ್ಚಿತ ರೂಪವಿಲ್ಲ. ಅವನು ಒಂದು ಗಳಿಗೆ ಮೃಗ, ಮರುಗಳಿಗೆ ಮನುಷ್ಯ. ಚಿತ್ರವಾದರೋ ಅವನಿಗೆ ಒಂದೇ ಮೈಯನ್ನು ಕೊಟ್ಟು ಕಟ್ಟಿಹಾಕುತ್ತದೆ. ಅನೇಕ ಜನಾಂಗಗಳಲ್ಲಿ ಚಳಿಗಾಲದಲ್ಲಿ ಮಾತ್ರ ಹೇಳಬೇಕಾದ ಕಥೆಯನ್ನು ಅಚ್ಚಾದ ಪುಸ್ತಕ ಯಾವ ಋತುವಿನಲ್ಲಾದರೂ ತೆರೆದಿಡುತ್ತದೆ. ಈ ನಷ್ಟಗಳನ್ನು ನಾವು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಲಾಭವೂ ಉಂಟು. ಚಿತ್ರಕಥೆಯ ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಒಂದು ತೆರವಿದೆ. ವಂಚನೆ ನಡೆಯುವುದು ಬಹುಮಟ್ಟಿಗೆ ಅಲ್ಲಿಯೇ. ಅಲ್ಲಿ ನಡೆದುದನ್ನು ವಾಚಕನೇ ಊಹಿಸಬೇಕು. ಊಹಿಸಿದವನು ಆ ತಂತ್ರದಲ್ಲಿ ಪಾಲುಗಾರನಾಗುತ್ತಾನೆ. ಕಥೆಗಾರನ ಮೌನ ಮಾಡುತ್ತಿದ್ದ ಕೆಲಸವನ್ನು ಈ ತೆರವು ಕೊಂಚಮಟ್ಟಿಗೆ ಮಾಡುತ್ತದೆ.

ಆದಕಾರಣ ಇಂಥ ಕೃತಿಯನ್ನು ತೂಗುವಾಗ ಮೊದಲು ಕೇಳಬೇಕಾದುದು 'ನೀತಿಯೇನು?' ಎಂದಲ್ಲ, 'ಧೂರ್ತನ ಇಬ್ಬಗೆ ಉಳಿದಿದೆಯೇ?' ಎಂದು. ಈ ಪ್ರಶ್ನೆಯನ್ನು ಬಿಟ್ಟರೆ ಒಂದು ಜನಾಂಗದ ಸೃಷ್ಟಿಕಥೆಯನ್ನು ಮಕ್ಕಳ ಪಾಠವನ್ನಾಗಿ ಇಳಿಸಿದಂತಾಗುತ್ತದೆ. ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುತ್ತ ಬಂದ ಹಸಿದ ನರಿಯ ಕಥೆಗಳಿಗೂ ಕೊನೆಯಲ್ಲಿ ನೀತಿವಾಕ್ಯವನ್ನು ಹಚ್ಚಿ ನಾವು ಇದೇ ಅನ್ಯಾಯವನ್ನು ಎಸಗುತ್ತಿರುವೆವೋ ಎಂಬುದನ್ನು ಅಭ್ಯಾಸಿಗಳು ಪರಿಶೀಲಿಸಿ ನೋಡುವುದು ಒಳ್ಳೆಯದು.