ಉಲುರು: ಕಂಡ ಬಂಡೆ, ಕಾಣದ ಜನ

ಆಸ್ಟ್ರೇಲಿಯದ ನಡುನಾಡಿನಲ್ಲಿರುವ ಉಲುರು ಬಂಡೆಯನ್ನು ಕುರಿತ ಪ್ರವಾಸ ಬರಹಗಳನ್ನು ಓದುವಾಗ ನಮಗೆ ಒಂದು ಕೊರತೆ ಮತ್ತೆ ಮತ್ತೆ ಎದುರಾಗುತ್ತದೆ. 348 ಮೀಟರ್ ಎತ್ತರ, 9 ಕಿಲೋಮೀಟರಿಗೂ ಮೀರಿದ ಸುತ್ತಳತೆ, ಸಂಜೆಯ ಬಿಸಿಲಿಗೆ ಕೆಂಡದಂತಾಗುವ ಮೈಬಣ್ಣ, ಇಷ್ಟನ್ನು ಸೊಗಸಾಗಿ ಬಣ್ಣಿಸಿ ಲೇಖಕರು ಹಿಂದಿರುಗುತ್ತಾರೆ. ಆ ನೆಲದ ಒಡೆಯರಾದ ಆನಂಗು ಜನ ಬರಹದೊಳಕ್ಕೆ ಬರುವುದೇ ಇಲ್ಲ.

ಮೊದಲ ತೊಡಕು ಹೆಸರಿನದು. 1873ರಲ್ಲಿ ಅಲ್ಲಿಗೆ ಬಂದ ಭೂಮಾಪಕ ವಿಲಿಯಂ ಗಾಸ್, ದಕ್ಷಿಣ ಆಸ್ಟ್ರೇಲಿಯದ ರಾಜಕಾರಣಿ ಹೆನ್ರಿ ಏಯರ್ಸ್‌ನ ಹೆಸರನ್ನು ಬಂಡೆಗೆ ಇಟ್ಟನು. 1993ರಲ್ಲಿ ಎರಡು ಹೆಸರುಗಳೂ ಅಧಿಕೃತವಾದವು. 2002ರಲ್ಲಿ ‘ಉಲುರು’ ಮೊದಲ ಸ್ಥಾನ ಪಡೆಯಿತು. ಊರಿನ ಹೆಸರು ಫಲಕದ ಮೇಲೆ ಮಾರ್ಪಟ್ಟಾಗ ಆಗುವ ನೋವನ್ನು ಗಡಿನಾಡ ಕನ್ನಡಿಗರಾದ ನಾವು ಬಲ್ಲೆವು. ಹಾಗಿದ್ದೂ ‘ಏಯರ್ಸ್ ರಾಕ್’ ಎಂದಷ್ಟೇ ಬರೆದು ಮುಂದುವರಿಯುವುದು ನಮಗೆ ಒಪ್ಪುವ ಮಾತಲ್ಲ.

ಎರಡನೆಯದು ಅನುವಾದದ ತೊಡಕು. ಆನಂಗುಗಳ ‘ಚುಕುರ್ಪ’ ಎಂಬ ಮಾತು ಇಂಗ್ಲಿಷಿನ ಮೂಲಕ ಬಂದಾಗ ‘ಕನಸಿನ ಕಾಲ’ವಾಗುತ್ತದೆ. ಅವರಿಗಾದರೋ ಅದು ಪೂರ್ವಿಕರ ಕಥೆಯೂ ಹೌದು, ಇಂದಿಗೂ ನಡೆಯಬೇಕಾದ ಬಾಳಿನ ಕಟ್ಟಳೆಯೂ ಹೌದು. ಮುಟಿಜುಲು ಮಡುವಿನ ಬಳಿ ಹೆಬ್ಬಾವು ಕುನಿಯ ಮತ್ತು ವಿಷದ ಹಾವು ಲಿರುಗಳ ಕಾಳಗದ ಗುರುತುಗಳನ್ನು ಅವರು ಬಂಡೆಯ ಮೈಮೇಲೆಯೇ ತೋರಿಸುತ್ತಾರೆ. ಕಾಂಗರೂ ಬಳಗದ ಪುಟ್ಟ ಪ್ರಾಣಿ ಮಾಲಾ ಅವರ ಪೂರ್ವಿಕರ ಕಥೆಯಲ್ಲಿಯೂ ಇದೆ. ಆ ಸೀಮೆಯಿಂದ ಅಳಿದುಹೋಗಿದ್ದ ಮಾಲಾಗಳನ್ನು 2005ರಲ್ಲಿ ಬೇಲಿಯೊಳಗಿನ ರಕ್ಷಿತ ನೆಲೆಗೆ ಮರಳಿ ತರಲಾಯಿತು. ಕಥೆಯನ್ನು ಅರಿಯದ ಲೇಖಕನಿಗೆ ಇದು ಕೇವಲ ವನ್ಯಜೀವಿ ಸಮಾಚಾರ.

ಮೂರನೆಯದು ಸಂಯಮದ ಪ್ರಶ್ನೆ. 1985ರ ಅಕ್ಟೋಬರ್ 26ರಂದು ನೆಲದ ಒಡೆತನ ಆನಂಗುಗಳಿಗೆ ಮರಳಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ 99 ವರ್ಷಗಳ ಗುತ್ತಿಗೆಗೆ ಕೊಟ್ಟರು. ಬಂಡೆಯನ್ನು ಏರಬೇಡಿರೆಂದು ಅವರು ಬಹುಕಾಲ ಕೇಳಿಕೊಂಡರೂ ಏರುವವರು ಏರುತ್ತಲೇ ಇದ್ದರು. 2019ರ ಅಕ್ಟೋಬರ್ 26ರಿಂದ ಏರುವಿಕೆ ನಿಂತಿದೆ. ಬುಡದ ಕೆಲವು ಪವಿತ್ರ ಸ್ಥಳಗಳ ಚಿತ್ರ ತೆಗೆಯಬಾರದೆಂಬ ಕೋರಿಕೆಯೂ ಇದೆ. ‘ಏರಲಾಗಲಿಲ್ಲ’ ಎಂದು ಮರುಗುವ ಲೇಖನಕ್ಕಿಂತ, ಬುಡವನ್ನು ಸುತ್ತಿ, ಹೇಳಿದಷ್ಟನ್ನು ಕೇಳಿ, ಹೇಳದುದನ್ನು ಕೆದಕದೆ ಬಂದ ಲೇಖನವೇ ನಮಗೆ ಮೇಲೆನಿಸುತ್ತದೆ.

ಸೂರ್ಯಾಸ್ತದ ವರ್ಣನೆ ಬೇಡವೆಂದು ನಾವು ಹೇಳುವುದಿಲ್ಲ. ಆ ಬೆಳಕಿನಲ್ಲಿ ಮನೆಯವರ ಮುಖವೂ ಕಾಣಲಿ ಎಂಬುದಷ್ಟೇ ನಮ್ಮ ಅಪೇಕ್ಷೆ. ನಮ್ಮ ಊರುಗಳಿಗೆ ಬಂದು ಬರೆಯುವವರಿಂದ ನಾವು ಬಯಸುವುದೂ ಇದನ್ನೇ ಅಲ್ಲವೆ?